ಡಯಾಲಿಸಿಸ್ ಮೇಲಿರುವ ಅಣ್ಣನನ್ನು ಜೈಲಿನಿಂದ ಮನೆಗೆ ತರಲು ದಾರಿ ಇದೆಯಾ?

ಮುಧೋಳದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ವಿಷಯ ಕೇಳಬೇಕಿತ್ತು. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಆಗಿ ಒಂದು ಸೆಂಟ್ರಲ್ ಜೈಲಿನಲ್ಲಿದ್ದಾನೆ. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ವಯಸ್ಸು 58. ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಹೋದ ವರ್ಷ ಗ್ಯಾಂಗ್ರಿನ್ ಆಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಈಗ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು ಅಂತ ಡಾಕ್ಟರು ಬರೆದಿದ್ದಾರೆ. ಹೊರಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪೊಲೀಸ್ ಎಸ್ಕಾರ್ಟ್ ಬೇಕು. ಎಲ್ಲಾದರೂ ಬಂದೋಬಸ್ತ್ ಬಿದ್ದರೆ ಎಸ್ಕಾರ್ಟ್ ಸಿಗುವುದಿಲ್ಲ. ಆ ದಿನ ಡಯಾಲಿಸಿಸ್ ತಪ್ಪುತ್ತದೆ.

ಮೊನ್ನೆ ಭೇಟಿಗೆ ಹೋದಾಗ ಮುಖ ಊದಿತ್ತು. ಒಂದು ಮಾತು ಪೂರ್ತಿ ಮಾಡಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದ. ಒಳಗಿನ ಪಾಯಖಾನೆ ಕುಕ್ಕರಗಾಲಲ್ಲಿ ಕೂರುವಂಥದ್ದು. ಒಂದೇ ಕಾಲಿನವನು ಹೇಗೆ ಕೂರಬೇಕು? ಪಕ್ಕದ ಕೈದಿಯೊಬ್ಬರು ಎರಡೂ ರಟ್ಟೆ ಹಿಡಿದು ಕೂರಿಸಿ ಎಬ್ಬಿಸುತ್ತಾರಂತೆ. ಅವರಿಗೂ ವಯಸ್ಸಾಗಿದೆ. ವೈನಿ ತೀರಿಹೋಗಿದ್ದಾಳೆ. ಅವ್ವ ನನ್ನ ಹತ್ತಿರ ಇದ್ದಾಳೆ, ದಿನಾ ಅವನದ್ದೇ ಜಪ.

ಒಬ್ಬ ವಕೀಲರು 14 ವರ್ಷ ಆಗೋವರೆಗೆ ಏನೂ ಮಾಡೋಕೆ ಬರಲ್ಲ ಅಂದರು. ಅವನು ಒಳಗೆ ಹೋಗಿ ಏಳು ವರ್ಷ ಆಗಿದೆ. ಧಾರವಾಡ ಹೈಕೋರ್ಟಿನಲ್ಲಿ ಅಪೀಲು ಇದೆ, ಇನ್ನೂ ವಿಚಾರಣೆಗೆ ಬಂದಿಲ್ಲ. ಸರ್ಕಾರ ಸನ್ನಡತೆ ಮೇಲೆ ಕೆಲವರನ್ನು ಬಿಡುತ್ತದಲ್ಲ, ಅದರಲ್ಲಿ ಹೆಸರು ಸೇರಿಸಬಹುದಾ? ಯಾರಿಗೆ ಅರ್ಜಿ ಕೊಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ಶಿರಸ್ತೇದಾರ, ವಿಜಯಪುರ

ಅಕ್ಕಾರೆ, ದಾರಿ ಇದೆ. ನಾನು ಕೋರ್ಟಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಈಗ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕನಾಗಿ ಕೈದಿಗಳ ಅರ್ಜಿ ಬರೆದುಕೊಡುತ್ತೇನೆ. ವಕೀಲ ಅಲ್ಲ. ಆದರೆ ಇಂಥ ಕಾಗದಗಳನ್ನು ಬಹಳ ನೋಡಿದ್ದೇನೆ.

ವಕೀಲರು ಹೇಳಿದ 14 ವರ್ಷದ ಮಾತು ಸುಳ್ಳಲ್ಲ. ಆದರೆ ಅದು ಸರ್ಕಾರ ಶಿಕ್ಷೆ ಮಾಫಿ ಮಾಡುವ ಅಧಿಕಾರಕ್ಕೆ ಹಾಕಿರುವ ಮಿತಿ, ಅಷ್ಟೇ. ಹಳೆಯ ಸಿಆರ್‌ಪಿಸಿಯಲ್ಲಿ (ಕ್ರಿಮಿನಲ್ ಕೇಸು ನಡೆಸುವ ಕಾಯ್ದೆ) 433ಎ ಅಂತ ಇತ್ತು. ಆ ಕಾಯ್ದೆಯ ಬದಲಿಗೆ 2024ರ ಜುಲೈ 1ಕ್ಕೆ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದು 475ನೇ ಕಲಂ. ಕೊಲೆ ಕೇಸಿನ ಜೀವಾವಧಿ ಅದರೊಳಗೆ ಬರುತ್ತದೆ. ಹಾಗಾಗಿ ಸನ್ನಡತೆ ಪಟ್ಟಿಯ ಆಸೆ ಈಗ ಬಿಡಿ. ಅದನ್ನು ಕಾಯುತ್ತಾ ಕೂರುವಷ್ಟು ಟೈಮು ನಿಮ್ಮ ಅಣ್ಣನ ಹತ್ತಿರ ಇಲ್ಲ.

ಹೈಕೋರ್ಟಿಗೆ ಆ ಮಿತಿ ಇಲ್ಲ. ಅಪೀಲು ಬಾಕಿ ಇದೆ ಅಂದಿರಲ್ಲ, ಅದೇ ನಿಮಗೆ ದೊಡ್ಡ ಆಸರೆ. ಅದೇ ಅಪೀಲಿನಲ್ಲಿ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಅಂತ ಮಧ್ಯಂತರ ಅರ್ಜಿ ಹಾಕಬಹುದು. ಹಿಂದೆ 389, ಈಗ 430ನೇ ಕಲಂ. ಜೀವಾವಧಿ ಆದ್ದರಿಂದ ಸರ್ಕಾರಿ ವಕೀಲರಿಗೆ ಆಕ್ಷೇಪಣೆ ಹಾಕಲು ಕೋರ್ಟು ಅವಕಾಶ ಕೊಡುತ್ತದೆ. ಅದಕ್ಕೆ ಹೆದರಬೇಡಿ. ಪೂರ್ತಿ ಜಾಮೀನು ಕೊಡಲು ಕೋರ್ಟು ಹಿಂದೆಮುಂದೆ ನೋಡಿದರೆ ಇಷ್ಟು ತಿಂಗಳು ಅಂತ ಚಿಕಿತ್ಸೆಗೆ ಮಧ್ಯಂತರ ಜಾಮೀನಾದರೂ ಕೊಡಿ ಅಂತ ಅದೇ ಅರ್ಜಿಯಲ್ಲಿ ಕೇಳಿ.

ರಾಜ್ಯಪಾಲರಿಗೂ ಸಂವಿಧಾನದ 161ನೇ ವಿಧಿಯಲ್ಲಿ ಅರ್ಜಿ ಕೊಡಬಹುದು. ಆ ಅಧಿಕಾರಕ್ಕೆ 14 ವರ್ಷದ ಕಟ್ಟು ಇಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಮಾರು ರಾಮ್ ಪ್ರಕರಣದಲ್ಲಿ ಹೇಳಿದೆ. ಆದರೆ ರಾಜ್ಯಪಾಲರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಫೈಲು ಜೈಲಿನಿಂದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಕಾಯಿಲೆ ಮುಂದೆ ಹೋಗಿರುತ್ತದೆ. ಅರ್ಜಿ ಹಾಕಿ ಇಡಿ, ಅದನ್ನೇ ನಂಬಿಕೊಂಡು ಕೂರಬೇಡಿ.

ಈಗ ಮುಖ್ಯವಾದ್ದು. ಇಂಥ ಅರ್ಜಿಗಳು ಬೀಳುವುದು ಕಾನೂನಿನಿಂದ ಅಲ್ಲ, ಡಾಕ್ಟರ ಚೀಟಿಯಿಂದ. ಕೋರ್ಟು ಜೈಲಿನ ವೈದ್ಯಾಧಿಕಾರಿಯಿಂದ ವರದಿ ಕೇಳುತ್ತದೆ. ಒಂದು ಸಾಲು ಬರುತ್ತದೆ: "ಕೈದಿಗೆ ಚಿಕಿತ್ಸೆ ನೀಡಲಾಗುತ್ತಿದೆ, ಆರೋಗ್ಯ ಸ್ಥಿರವಾಗಿದೆ." ಜಡ್ಜ್ ಅವರ ಮುಂದೆ ಇರುವುದು ಅಷ್ಟೇ. ಅವರು ಕೈದಿಯ ಊದಿದ ಮುಖ ನೋಡಿಲ್ಲ, ಪಾಯಖಾನೆ ನೋಡಿಲ್ಲ. ಆ ಸಾಲು ಓದಿ ಅರ್ಜಿ ವಜಾ ಮಾಡಿದರೆ ಅವರನ್ನು ಹೇಗೆ ಅನ್ನೋಣ?

ಅದಕ್ಕೇ ನಿಮ್ಮ ಅರ್ಜಿಯಲ್ಲಿ ಕಾಯಿಲೆಯ ಹೆಸರು ಬರೆದರೆ ಸಾಲದು. ಜೈಲಿನಲ್ಲಿ ಏನು ಆಗುತ್ತಿಲ್ಲ ಅನ್ನುವುದು ಬರಬೇಕು. ವಾರಕ್ಕೆ ಎಷ್ಟು ಡಯಾಲಿಸಿಸ್ ಬರೆದಿದ್ದಾರೆ, ಎಷ್ಟು ಆಗಿದೆ, ಯಾವ ತಾರೀಖು ತಪ್ಪಿತು, ಯಾಕೆ ತಪ್ಪಿತು. ತಾನೇ ಸ್ನಾನ ಮಾಡಿಕೊಳ್ಳಬಲ್ಲನಾ, ಪಾಯಖಾನೆಗೆ ಹೋಗಬಲ್ಲನಾ, ಯಾರು ಹಿಡಿದುಕೊಳ್ಳುತ್ತಾರೆ. ಇದೆಲ್ಲಾ ಬರೆದು, ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ಬೋರ್ಡಿನಿಂದ ಪರೀಕ್ಷೆ ಮಾಡಿಸಿ ಅಂತ ಕೋರ್ಟನ್ನೇ ಕೇಳಿ. ಬೋರ್ಡಿಗೆ ಯಾವ ಪ್ರಶ್ನೆ ಹೋಗಬೇಕು ಅನ್ನುವುದನ್ನೂ ನಿಮ್ಮ ವಕೀಲರೇ ಬರೆದುಕೊಡಲಿ. "ಆರೋಗ್ಯ ಹೇಗಿದೆ" ಅಂತ ಕೇಳಿದರೆ "ಸ್ಥಿರ" ಅಂತ ಬರುತ್ತದೆ. "ಈ ಚಿಕಿತ್ಸೆ ಜೈಲಿನೊಳಗೆ ಸಿಗುತ್ತದಾ, ಒಂದು ಸಲ ತಪ್ಪಿದರೆ ಜೀವಕ್ಕೆ ಏನಾಗಬಹುದು" ಅಂತ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಚಿಕಿತ್ಸೆಯ ದಾಖಲೆ ಕೊಡಲು ಸತಾಯಿಸಿದರೆ ಆರ್‌ಟಿಐ ಹಾಕಿ. 2005ರ ಕಾಯ್ದೆಯ 7ನೇ ಕಲಮಿನಲ್ಲಿ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ ಮಾಹಿತಿ ಕೊಡಬೇಕು ಅಂತ ಇದೆ. ಅರ್ಜಿಯ ಮೇಲ್ಭಾಗದಲ್ಲೇ ಅದನ್ನು ದಪ್ಪಗೆ ಬರೆಯಿರಿ.

ದುಡ್ಡಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಪ್ರಕಾರ ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಬಾಗಲಕೋಟೆ ನವನಗರದ ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ ಇದೆ. ಹೈಕೋರ್ಟಿನ ಕೆಲಸಕ್ಕೆ ಧಾರವಾಡದಲ್ಲಿ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಇದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ವಯಸ್ಸಾದ ಮತ್ತು ವಾಸಿಯಾಗದ ಕಾಯಿಲೆಯ ಕೈದಿಗಳಿಗಾಗಿಯೇ ರಾಷ್ಟ್ರೀಯ ಪ್ರಾಧಿಕಾರ 2024ರ ಡಿಸೆಂಬರ್ 10ರಿಂದ ದೇಶದಾದ್ಯಂತ ಅಭಿಯಾನ ಮಾಡಿತ್ತು. ಅದನ್ನು ನೆನಪಿಸಿ ಕೇಳಿ.

ತಡ ಮಾಡಬೇಡಿ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಭೀಮಾ ಕೋರೆಗಾಂವ್ ಕೇಸಿನಲ್ಲಿ ವಿಚಾರಣಾ ಕೈದಿಯಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಯವರಿಗೆ 84 ವರ್ಷ, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ಲೋಟ ಹಿಡಿಯಲು ಆಗದೆ ಸಿಪ್ಪರ್ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಬಾಂಬೆ ಹೈಕೋರ್ಟು ಜಾಮೀನು ಅರ್ಜಿ ಕೈಗೆತ್ತಿಕೊಂಡಾಗ ಅವರು ತೀರಿಕೊಂಡರು ಅಂತ ಆಸ್ಪತ್ರೆಯ ಡಾಕ್ಟರೇ ಬಂದು ಹೇಳಿದರು. ಮಾವೋವಾದಿಗಳ ನಂಟಿನ ಕೇಸಿನಲ್ಲಿ ಜೈಲಿನಲ್ಲಿದ್ದ, ಗಾಲಿಕುರ್ಚಿಯ ಪ್ರೊಫೆಸರ್ ಸಾಯಿಬಾಬಾ ನಿರ್ದೋಷಿ ಅಂತ 2024ರ ಮಾರ್ಚಿನಲ್ಲಿ ಹೊರಬಂದರು, ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅಂಥ ದೊಡ್ಡ ವಕೀಲರಿದ್ದ, ಪೇಪರಿನಲ್ಲಿ ದಿನಾ ಬರುತ್ತಿದ್ದ ಕೇಸುಗಳ ಗತಿಯೇ ಹೀಗೆ. ನಮ್ಮ ಕಡೆಯ ಬಡ ಕೈದಿಯ ಹೆಸರು ಯಾರ ಕಿವಿಗೂ ಬೀಳುವುದಿಲ್ಲ. ನನಗೆ ಇದು ತಡೆಯಲಾಗದ ಸಂಕಟ.

ಡಯಾಲಿಸಿಸ್ ಟೆಕ್ನೀಷಿಯನ್, ಗೋಕಾಕ

ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ. ನಿಮಗೆ ಬೇಕಾದ ಸಾಕ್ಷಿ ಡಯಾಲಿಸಿಸ್ ಘಟಕದಲ್ಲೇ ಇದೆ. ಪ್ರತಿ ಸಲ ಮಷೀನಿಗೆ ಹಾಕುವ ಮುಂಚೆ ಮತ್ತು ತೆಗೆದ ಮೇಲೆ ತೂಕ, ಬಿಪಿ ಬರೆಯುತ್ತೇವೆ. ಆ ಶೀಟುಗಳ ನಕಲು ತಗೊಳ್ಳಿ. ತಾರೀಖು ಜಿಗಿದಿರುವ ಕಡೆ ನೋಡಿ, ಮುಂದಿನ ಸಲ ಬಂದಾಗ ತೂಕ ಜಾಸ್ತಿ ಏರಿರುತ್ತದೆ. ಅದು ಮೈಯಲ್ಲಿ ನಿಂತ ನೀರು. ಮುಖ ಊದಿದ್ದು, ಉಸಿರು ಸಾಲದಿದ್ದದ್ದು ಅದರಿಂದಲೇ ಇರಬಹುದು. ಪೊಟ್ಯಾಸಿಯಂ ಏರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಇದನ್ನು ಕಿಡ್ನಿ ಡಾಕ್ಟರು ಬರೆದುಕೊಟ್ಟರೆ "ಸ್ಥಿರ" ಅನ್ನುವ ಮಾತು ನಿಲ್ಲುವುದಿಲ್ಲ.

ಇನ್ನೊಂದು. ಅಣ್ಣನ ಕೈಯಲ್ಲಿ ಡಯಾಲಿಸಿಸ್ ಸೂಜಿ ಹಾಕಲು ಫಿಸ್ಟುಲಾ ಮಾಡಿದ್ದಾರಾ? ಮುಂಗೈಯಲ್ಲಿ ಉಬ್ಬಿದ ನರ, ಬೆರಳಿಟ್ಟರೆ ಒಳಗೆ ಝುಂ ಅಂತ ಹರಿಯುವುದು ಗೊತ್ತಾಗುತ್ತದೆ. ಆ ಕೈಗೆ ಬೇಡಿ ಹಾಕಲೇಬಾರದು. ಬಿಪಿ ಪಟ್ಟಿಯನ್ನೂ ಕಟ್ಟಬಾರದು, ರಕ್ತ ತೆಗೆಯಲೂ ಸೂಜಿ ಚುಚ್ಚಬಾರದು. ಒತ್ತಿ ಮುಚ್ಚಿಹೋದರೆ ಮತ್ತೆ ಆಪರೇಷನ್. ಎಸ್ಕಾರ್ಟಿನವರಿಗೆ ಇದು ಗೊತ್ತಿರುವುದಿಲ್ಲ, ಪಾಪ, ಯಾರೂ ಹೇಳಿರುವುದಿಲ್ಲ. ಡಾಕ್ಟರ ಹತ್ತಿರ ಬರೆಸಿ ಜೈಲಿಗೆ ಕೊಡಿ.

ಭೇಟಿಗೆ ಹೋಗುವಾಗ ಪೊಟ್ಯಾಸಿಯಂ ಇರುವ ಬಾಳೆಹಣ್ಣು, ಎಳನೀರು, ಉಪ್ಪು ಜಾಸ್ತಿ ಇರುವ ಉಪ್ಪಿನಕಾಯಿ ಒಯ್ಯಬೇಡಿ. ಪ್ರೀತಿಗೆ ಕೊಟ್ಟದ್ದೇ ಕುತ್ತು ತರುತ್ತದೆ.

ನಿಪ್ಪಾಣಿ ಕಡೆಯವ

ಗಡಿಯಲ್ಲಿರುವವರಿಗೆ ಒಂದು ಮಾತು. ನಮ್ಮ ಊರಿನ ಒಬ್ಬರಿಗೆ ಶಿಕ್ಷೆ ಆಗಿದ್ದು ಕೊಲ್ಹಾಪುರದ ಕೋರ್ಟಿನಲ್ಲಿ. ಅಂಥವರ ಮಾಫಿ ಅರ್ಜಿ ಮಹಾರಾಷ್ಟ್ರ ಸರ್ಕಾರಕ್ಕೇ ಹೋಗಬೇಕು, ಊರು ಕರ್ನಾಟಕದಲ್ಲಿದ್ದರೂ ಅಷ್ಟೇ. ಶಿಕ್ಷೆ ಕೊಟ್ಟ ಕೋರ್ಟು ಯಾವ ರಾಜ್ಯದ್ದೋ ಆ ಸರ್ಕಾರಕ್ಕೇ ಅಧಿಕಾರ ಅಂತ 2024ರ ಜನವರಿ 8ರಂದು, ಬಿಲ್ಕಿಸ್ ಬಾನೊ ಅತ್ಯಾಚಾರ ಕೇಸಿನ ಅಪರಾಧಿಗಳಿಗೆ ಗುಜರಾತ್ ಸರ್ಕಾರ ಕೊಟ್ಟ ಮಾಫಿ ರದ್ದು ಮಾಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಅಕ್ಕಾರ ಕೇಸಿಗೆ ಇದು ಬರುವುದಿಲ್ಲ. ಬೇರೆ ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಬರೆದೆ.

ಇಂಡಿ ತಾಲ್ಲೂಕಿನವ

ನಾನು ಎದುರು ಕಡೆಯವನು ಅಂತ ತಿಳಿದುಕೊಳ್ಳಿ. ನಮ್ಮ ಕಾಕಾನನ್ನು ಬದುವಿನ ಜಗಳದಲ್ಲಿ ಕೊಡಲಿಯಿಂದ ಹೊಡೆದು ಕೊಂದರು. ಕೊಂದವನೊಬ್ಬ ಪೆರೋಲ್ ಮೇಲೆ ಬಂದು ಚಹಾ ಅಂಗಡಿ ಮುಂದೆ ಕೂತಿದ್ದನ್ನು ನಮ್ಮ ಕಾಕು ನೋಡಿದಳು. ಅವನು ಬರುತ್ತಾನೆ ಅಂತ ಯಾರೂ ಒಂದು ಮಾತು ಹೇಳಿರಲಿಲ್ಲ. ಆ ದಿನ ಅವಳು ಊಟ ಮಾಡಲಿಲ್ಲ. ಅಕ್ಕಾರೆ, ನಿಮ್ಮ ಅಣ್ಣನ ಕಷ್ಟ ನನಗೆ ಅರ್ಥ ಆಗುತ್ತದೆ. ಯಾರೂ ಹಾಗೆ ಸಾಯಬಾರದು. ಆದರೆ ಸತ್ತವನ ಮನೆಯವರನ್ನೂ ಕೇಳಬೇಕಲ್ವಾ?

ಹಳೇ ಶಿರಸ್ತೇದಾರ, ವಿಜಯಪುರ

ಕೇಳಲೇಬೇಕು ತಮ್ಮಾ. ನೊಂದವರಿಗೆ ಪ್ರತಿ ಹಂತದಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆ ಅಂತ 2022ರ ಏಪ್ರಿಲ್‌ನಲ್ಲಿ, ರೈತರ ಮೇಲೆ ವಾಹನ ಹರಿಸಿದ ಲಖಿಂಪುರ ಖೇರಿ ಕೇಸಿನ ಆರೋಪಿಯ ಜಾಮೀನು ರದ್ದು ಮಾಡುವಾಗ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಕಾಕುಗೆ ಮೊದಲೇ ತಿಳಿಸಬೇಕಿತ್ತು. ತಿಳಿಸದೇ ಇದ್ದದ್ದು ಅನ್ಯಾಯ.

ಅಕ್ಕಾರೆ, ಇದನ್ನು ನಿಮ್ಮ ಅರ್ಜಿಯಲ್ಲೇ ಬಗೆಹರಿಸಿ. ಅಣ್ಣ ಬಂದು ಎಲ್ಲಿ ಇರುತ್ತಾನೆ? ಸತ್ತವರ ಮನೆ ಇರುವ ಊರಿಗೆ ಹೋಗುವುದಿಲ್ಲ, ಮುಧೋಳದಲ್ಲಿ ನನ್ನ ಮನೆಯಲ್ಲೇ ಇರುತ್ತಾನೆ ಅಂತ ನೀವೇ ಪ್ರಮಾಣಪತ್ರ ಕೊಟ್ಟರೆ ಕೋರ್ಟು ಅದನ್ನೇ ಷರತ್ತು ಮಾಡಬಹುದು. ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಈಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ, ವಾರಕ್ಕೆ ಮೂರು ಸಲ ಮಷೀನ್ ಖಾಲಿ ಸಿಗುತ್ತದಾ ಅಂತ ಕೇಳಿ ಬರವಣಿಗೆಯಲ್ಲಿ ತಗೊಳ್ಳಿ. ಎಷ್ಟೋ ಕಡೆ ಸರದಿ ಇರುತ್ತದೆ. ಬಿಡುಗಡೆ ಆದ ಮೇಲೆ ಮಷೀನ್ ಸಿಗದೇ ಹೋದರೆ ಮನುಷ್ಯ ಮನೆಯಲ್ಲೇ ಹೋಗಿಬಿಡುತ್ತಾನೆ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ.

ಬೇಡಿಯ ವಿಷಯ ಗೋಕಾಕದವರು ಒಳ್ಳೆಯದು ಹೇಳಿದರು. ಸುಮ್ನೆ ರೂಢಿಗೆ ಅಂತ ಬೇಡಿ ಹಾಕಬಾರದು ಅಂತ 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪೇ ಇದೆ. ಪಾಯಖಾನೆ ವಿಷಯಕ್ಕೆ ಬಿಡುಗಡೆವರೆಗೆ ಕಾಯಬೇಡಿ. ಕಮೋಡ್ ಕುರ್ಚಿ ಬೇಕು ಅಂತ ಇವತ್ತೇ ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಿ, ನಕಲನ್ನು ಪ್ರಾಧಿಕಾರಕ್ಕೆ ಕಳಿಸಿ. ಅಂಗವಿಕಲ ಕೈದಿಗಳು ಬಳಸಲು ಆಗುವಂಥ ಶೌಚಾಲಯ ಇರಬೇಕು ಅಂತ 2025ರ ಜುಲೈನಲ್ಲಿ ತಮಿಳುನಾಡಿನ ಮುರುಗಾನಂದಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅದನ್ನು ಅರ್ಜಿಯಲ್ಲಿ ಬರೆಯಿರಿ.

ಮುಧೋಳದವಳು

ಕಾಕಾರೆ, ಎಲ್ಲರಿಗೂ ಕೈಮುಗಿದೆ. ಹಿಂದೆ ನಮಗೆ ಕೊಟ್ಟ ಕಾಗದದಲ್ಲೂ "ಸ್ಥಿರ" ಅಂತಲೇ ಇದೆ, ಈಗ ತೆಗೆದು ನೋಡಿದೆ. ಫಿಸ್ಟುಲಾ ಇರುವುದು ಎಡಗೈಯಲ್ಲಿ, ಬೇಡಿ ಯಾವ ಕೈಗೆ ಹಾಕುತ್ತಾರೆ ಅಂತ ಕೇಳಬೇಕು. ನಮ್ಮ ಮನೆ ಎರಡನೇ ಮಹಡಿ. ಕೆಳಗಿನ ರೂಮ್ ಕೊಡುತ್ತೇನೆ ಅಂತ ಮನೆ ಮಾಲೀಕರು ಒಪ್ಪಿದ್ದಾರೆ.

ಇಂಡಿ ಅಣ್ಣಾರೆ, ನೀವು ಹೇಳಿದ್ದು ನಿಜ. ಅವರ ಮನೆ ನಮ್ಮ ಹಳ್ಳಿಯಲ್ಲೇ ಇದೆ. ಅಲ್ಲಿಗೆ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಅವ್ವನಿಗೂ ಹೇಳಿದ್ದೇನೆ.

ನಾಳೆ ನವನಗರಕ್ಕೆ ಹೋಗುತ್ತೇನೆ. ಏನೇನು ಒಯ್ಯಬೇಕು?

ಹಳೇ ಶಿರಸ್ತೇದಾರ, ವಿಜಯಪುರ

ಸೆಷನ್ಸ್ ಕೋರ್ಟಿನ ತೀರ್ಪಿನ ನಕಲು, ಹೈಕೋರ್ಟ್ ಅಪೀಲಿನ ನಂಬರು, ಕಾಲು ತೆಗೆದಾಗಿನ ಡಿಸ್ಚಾರ್ಜ್ ಕಾಗದ, ಆ "ಸ್ಥಿರ" ಅಂತ ಬರೆದ ಚೀಟಿ, ನಿಮ್ಮ ಆಧಾರ್. ಮನೆ ಮಾಲೀಕರ ಒಪ್ಪಿಗೆ ಪತ್ರ ಸಿಕ್ಕರೆ ಅದೂ ಇರಲಿ. ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ. ನಂಬರು, ಹೆಸರು ಏನನ್ನೂ ಇಲ್ಲಿ ಹಾಕಬೇಡಿ. ಏನಾಯಿತು ಅಂತ ಮಾತ್ರ ಬರೆಯಿರಿ.