ಸಮಸ್ಯಾಪೂರಣ: ‘ಗೆದ್ದ ದೊರೆ ತಲೆವಾಗಿ ನಿಂತನು’

ಸಂಚಾಲಕ: ಈ ವಾರದ್ದು ಭಾಮಿನಿ ಷಟ್ಪದಿ. ಕೊನೆಯ ಸಾಲು ಕೊಟ್ಟಿದ್ದೇನೆ, ಉಳಿದ ಐದು ನಿಮ್ಮವು.

ಗೆದ್ದ ದೊರೆ ತಲೆವಾಗಿ ನಿಂತನು ಸೋತವನ ಮುಂದೆ

ವಸ್ತು ಕನ್ನಡದ ಅರಸರ ಯುದ್ಧಗಳಿಂದಲೇ ಬರಬೇಕು. ಭರತ-ಬಾಹುಬಲಿ ಬೇಡ, ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರ) ‘ದ್ದ’. ‘ಯುದ್ಧ’, ‘ಬುದ್ಧಿ’ ತಂದು ತೂರಿಸಿದರೆ ಒಪ್ಪುವುದಿಲ್ಲ.

ಕಂದಪ್ರಿಯ: ಬಾಹುಬಲಿ ಬೇಡ ಅಂದ್ರೆ ನನ್ನ ಅರ್ಧ ಪದ್ಯ ಹೋಯ್ತು ಸಾರ್!

ಮಲಪ್ರಭೆಯ ಮಗಳು: ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ ಪ್ರಸಂಗ ಹಿಡಿದಿದ್ದೇನೆ.

ಬಿದ್ದಿತಾ ವಾತಾಪಿಯೆಂಬುವ
ಸುದ್ದಿ ಹಳೆ ಹಗೆಯಾಗಿ ಕುದಿದಿರೆ
ಎದ್ದು ಕಾಂಚಿಯ ಗೆದ್ದು ಹೊಕ್ಕನು ವಿಕ್ರಮಾದಿತ್ಯ
ಕದ್ದುದಿಲ್ಲೊಂದೆಳೆಯ ಹೊನ್ನನು
ಇದ್ದ ಸಿರಿಯನು ಶಿವಗೆ ಮರಳಿಸಿ
ಗೆದ್ದ ದೊರೆ ತಲೆವಾಗಿ ನಿಂತನು ಸೋತವನ ಮುಂದೆ

ಹಳೆ ಹಗೆ ಅಂದದ್ದು 642ರದ್ದು. ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಹಿಡಿದು, ಇಲ್ಲಿನ ಬಂಡೆಯ ಮೇಲೇ ಶಾಸನ ಕೆತ್ತಿಸಿದ. ನೂರು ವರ್ಷದ ಆಸುಪಾಸಿನಲ್ಲಿ ವಿಕ್ರಮಾದಿತ್ಯ ಕಂಚಿಯ ರಾಜಸಿಂಹೇಶ್ವರದ ಕಂಬದ ಮೇಲೆ ಕನ್ನಡದಲ್ಲೇ ಬರೆಸಿದ: ದೇವರ ಒಡವೆ ಕಂಡೆ, ತೆಗೆದುಕೊಳ್ಳದೆ ದೇವರಿಗೇ ಬಿಟ್ಟೆ ಎಂಬ ಅರ್ಥದಲ್ಲಿ. ಈಗ ಅದನ್ನೇ ಕೈಲಾಸನಾಥ ಗುಡಿ ಅನ್ನುವುದು.

ಛಂದೋಮಿತ್ರ: ಮಾತ್ರೆ ಅಚ್ಚುಕಟ್ಟು, ಮೂರನೆಯ ಸಾಲಂತೂ ‘ವಿಕ್ರಮಾದಿತ್ಯ’ನಿಗೇ ಅಳತೆ ತೆಗೆದು ಹೊಲಿದ ಹಾಗಿದೆ. ಆದರೆ ಸಮಸ್ಯೆ ಬಿಡಲಿಲ್ಲವಲ್ಲ ಮೇಡಂ. ಆತ ತಲೆಬಾಗಿದ್ದು ಶಿವನಿಗೆ. ಸೋತವನು ಪಲ್ಲವ ದೊರೆ ನಂದಿವರ್ಮ, ಅವನು ಆಗಲೇ ಪರಾರಿ. 757ರ ವಕ್ಕಲೇರಿ ತಾಮ್ರಶಾಸನ ಹಾಗೆಯೇ ಹೇಳುತ್ತದೆ. ‘ಕದ್ದುದಿಲ್ಲ’ ಅನ್ನುವುದೂ ಗುಡಿಯ ಮಟ್ಟಿಗೆ ಸರಿ. ರಣದಲ್ಲಿ ಮಾತ್ರ ಕಟುಮುಖ, ಸಮುದ್ರಘೋಷ ಎಂಬ ವಾದ್ಯಗಳು, ಖಟ್ವಾಂಗದ (ಶಿವನ ಬುರುಡೆಗೋಲಿನ) ಬಾವುಟ, ಆನೆಗಳು, ಮಾಣಿಕ್ಯದ ರಾಶಿ ಎಲ್ಲ ಹೊತ್ತು ತಂದ!

ಮಲಪ್ರಭೆಯ ಮಗಳು: ಸೋತವನ ದೇವರ ಮುಂದೆ ಅಂತ ಇಟ್ಟುಕೊಳ್ಳಿ ಸಾರ್.

ಛಂದೋಮಿತ್ರ: ಇಟ್ಟುಕೊಂಡರೆ ಪೂರಣ ಆಗಲ್ಲ, ವಕಾಲತ್ತು ಆಗುತ್ತೆ.

ಅಜ್ಜನ ಓಲೆಗರಿ: ಶಿವನನ್ನೇ ಸೋಲಿಸಿಬಿಟ್ಟರೆ?

ಹದ್ದು ತಿರುಗುವ ಕಳವ ದಾಟುತ
ಸದ್ದಡಗಿದಾ ಗುಡಿಯ ಹೊಕ್ಕನು
ಉದ್ದ ಕತ್ತಿಯನೊರೆಗೆ ಸೇರಿಸಿ ಮೆಲ್ಲನಡಿಯಿಟ್ಟು
ಇದ್ದ ಹೊನ್ನನು ಮರಳಿಯರ್ಪಿಸಿ
ಮುದ್ದು ಗಿರಿಜೆಗೆ ಮೆಯ್ಯೊಳರ್ಧವ
ಗೆದ್ದ ದೊರೆ ತಲೆವಾಗಿ ನಿಂತನು ಸೋತವನ ಮುಂದೆ

‘ಗಿರಿಜೆಗೆ ಮೆಯ್ಯೊಳರ್ಧವ ಸೋತವನ ಮುಂದೆ’ ಎಂದು ಅನ್ವಯ.

ಕಂದಪ್ರಿಯ: ಅಯ್ಯೋ, ಎಲ್ಲಿಂದ ಎಲ್ಲಿಗೆ ಕೊಂಡಿ ಹಾಕಿದಿರಿ! ಆ ಗುಡಿಯಲ್ಲಿ ಅರ್ಧನಾರೀಶ್ವರನ ಶಿಲ್ಪವೂ ಇದೆ, ಆದ್ದರಿಂದ ಹೊರಗಿನಿಂದ ತಂದ ಚಮತ್ಕಾರ ಅನ್ನುವ ಹಾಗೂ ಇಲ್ಲ.

ಛಂದೋಮಿತ್ರ: ಕೂಡಬೇಕಾದ ಪದಗಳು ದೂರ ಬಿದ್ದ ದೂರಾನ್ವಯ ದೋಷ ಇದ್ದೇ ಇದೆ, ನಡುವೆ ದೊರೆ ಇಡೀ ಅಡ್ಡ ನಿಂತಿದ್ದಾನೆ. ಸಮಸ್ಯಾಪೂರಣದಲ್ಲಿ ಕ್ಷಮ್ಯ. ಹದ್ದಿನ ಸಾಲು ನನಗೆ ಹೆಚ್ಚು ಹಿಡಿಸಿತು.

ದೋರಸಮುದ್ರ: ಶ್ಲೇಷೆಯೇ ಬೇಡದ ಯುದ್ಧ ಒಂದಿದೆ, 1118ರ ಕಣ್ಣೆಗಾಲದ ಕಾಳಗ.

ನಿದ್ದೆಯೊಳಗಿರೆ ಪಾಳೆಯದ ಪಡೆ
ಎದ್ದು ಬಂದನು ಗಂಗರಾಜನು
ಬಿದ್ದಿತಿರುಳಲಿ ಕಣ್ಣೆಗಾಲದ ವೈರಿಗಳ ಸೇನೆ
ಇದ್ದರೇನೀ ಗೆಲವು ಕಡೆಯಲಿ
ಗದ್ದುಗೆಯು ಕಲ್ಯಾಣದಲ್ಲಿರೆ
ಗೆದ್ದ ದೊರೆ ತಲೆವಾಗಿ ನಿಂತನು ಸೋತವನ ಮುಂದೆ

ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಕಿತ್ತುಕೊಂಡ. ಅವನ ದಂಡನಾಯಕ ಗಂಗರಾಜ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಹನ್ನೆರಡು ಸಾಮಂತರ ಪಾಳೆಯದ ಮೇಲೆ ರಾತ್ರಿ ಬಿದ್ದು ಓಡಿಸಿದ. ಆದರೂ ಕಲ್ಯಾಣದ ಸಾಮಂತ, ಸಿಂದರ ಆಚುಗಿ ದಂಡೆತ್ತಿ ಬಂದ ಮೇಲೆ ಹೊಯ್ಸಳ ಮತ್ತೆ ಕಲ್ಯಾಣಕ್ಕೆ ಮಣಿಯಲೇಬೇಕಾಯಿತು.

ಛಂದೋಮಿತ್ರ: ಇದು ಪೂರಣ! ಒಂದು ಮಾತನ್ನೂ ಎಳೆದಿಲ್ಲ. ‘ಇದ್ದರೇನೀ ಗೆಲವು’ ಮಾತ್ರ ಕವಿ ನಡುವೆ ಬಂದು ವ್ಯಾಖ್ಯಾನ ಮಾಡಿದ ಹಾಗಿದೆ.

ಮಲಪ್ರಭೆಯ ಮಗಳು: ರಾತ್ರಿ ನಿದ್ದೆಯಲ್ಲಿದ್ದವರ ಮೇಲೆ ಬಿದ್ದದ್ದನ್ನು ಗೆಲುವು ಅಂತೀರಾ?

ದೋರಸಮುದ್ರ: ಶಾಸನ ಹೆಮ್ಮೆಯಿಂದಲೇ ಹೇಳಿಕೊಂಡಿದೆ ಮೇಡಂ, ನಾನೇನು ಮಾಡಲಿ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದರೆ ಗಂಗರಾಜ ಪರಮ ಎಂಬ ಊರು ಕೇಳಿ, ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ.

ಸಂಚಾಲಕ: ಅರ್ಥಕ್ಕೆ ದೋರಸಮುದ್ರ, ಚಮತ್ಕಾರಕ್ಕೆ ಓಲೆಗರಿ. ಬಹುಮಾನ ಇಬ್ಬರಿಗೂ. ಪಲ್ಲವರ ಕಡೆ ನಿಂತು ಒಬ್ಬರೂ ಬರೆಯಲಿಲ್ಲ, ಶನಿವಾರದವರೆಗೆ ಎಳೆ ತೆರೆದೇ ಇಡುತ್ತೇನೆ. ಕಂದಪ್ರಿಯರೇ, ಬಾಹುಬಲಿಯನ್ನು ಬಿಟ್ಟು ಈ ಕಡೆ ಬನ್ನಿ.