ಸ್ನಾತಕೋತ್ತರ ವಿಭಾಗದ ಸಲಹಾ ಮಂಡಳಿಗೆ ನಿಜವಾಗಿ ಏನು ಕೆಲಸ?

ಪ್ರಶ್ನೆ:
ನಾನು ಪಿಎಚ್.ಡಿ. ಮಾಡಿದ ವಿಶ್ವವಿದ್ಯಾಲಯದ ಡೀನ್ ಅವರು, ಸ್ನಾತಕೋತ್ತರ ಹಾಗೂ ಸಂಶೋಧನಾ ಶಿಕ್ಷಣಕ್ಕಾಗಿ ಇರುವ ಸಲಹಾ ಮಂಡಳಿಯ ಸದಸ್ಯತ್ವಕ್ಕೆ ಆಹ್ವಾನಿಸಿದ್ದಾರೆ. ಸಂಭಾವನೆ ಇಲ್ಲ, ಪ್ರಯಾಣದ ಖರ್ಚೂ ನಮ್ಮದೇ. ಪ್ರವೇಶ, ಪಠ್ಯಕ್ರಮ, ಪರೀಕ್ಷೆ ಎಲ್ಲಕ್ಕೂ ಪ್ರತ್ಯೇಕ ಸಮಿತಿಗಳಿರುವಾಗ, ಅಧಿಕಾರವೇ ಇಲ್ಲದ ಇಂಥ ಮಂಡಳಿಯಿಂದ ವಿದ್ಯಾರ್ಥಿಗಳಿಗೆ ಏನು ಪ್ರಯೋಜನ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಇಂಥದೊಂದು ಮಂಡಳಿಯ ಮಾಜಿ ಸದಸ್ಯ):
ಅಧಿಕಾರವಿಲ್ಲ ಎಂಬುದು ನಿಜ. ಹಣಕಾಸಿನ ಕಾನೂನಾತ್ಮಕ ಹೊಣೆ ಆಡಳಿತ ಮಂಡಳಿಯದು, ಸಲಹಾ ಮಂಡಳಿಯದಲ್ಲ. ಆದರೆ ದಾನಿಗಳ ಒಲವು ಸಾಮಾನ್ಯವಾಗಿ ಕಟ್ಟಡ, ಕ್ರೀಡೆ ಮತ್ತು ಪದವಿ ತರಗತಿಗಳ ಕಡೆಗೇ ಇರುವುದರಿಂದ, ಸಂಶೋಧನಾ ವಿದ್ಯಾರ್ಥಿಗಳ ಪರವಾಗಿ ಹೊರಗೆ ಮಾತನಾಡುವವರು ಬೇಕಾಗುತ್ತಾರೆ, ಮತ್ತು ಆ ಕೆಲಸ ಬಹುಮಟ್ಟಿಗೆ ಹಳೆಯ ವಿದ್ಯಾರ್ಥಿಗಳಿಂದಲೇ ಆಗಬೇಕು. ದತ್ತಿನಿಧಿಯ ಲೆಕ್ಕ ನೋಡಿ: ಅನೇಕ ವಿಶ್ವವಿದ್ಯಾಲಯಗಳು ಅಸಲನ್ನು ಮುಟ್ಟದೆ ವರ್ಷಕ್ಕೆ ಶೇ. 4ರಿಂದ 5ರಷ್ಟನ್ನು ಮಾತ್ರ ಖರ್ಚಿಗೆ ಬಿಡುತ್ತವೆ. ಅಂದರೆ ಒಬ್ಬ ವಿದ್ಯಾರ್ಥಿಗೆ ಶಾಶ್ವತ ಫೆಲೋಶಿಪ್ ಸ್ಥಾಪಿಸಲು ಅದರ ವಾರ್ಷಿಕ ಮೊತ್ತದ 20ರಿಂದ 25 ಪಟ್ಟು ಕೂಡಿಸಬೇಕು. ಅದು ಒಬ್ಬಿಬ್ಬರಿಂದ ಆಗುವುದಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ದೊಡ್ಡ ನಿಧಿಗಿಂತ ಚಿಕ್ಕದೇ ಹೆಚ್ಚು ಉಪಯೋಗಕ್ಕೆ ಬಂದಿತು. ಸಮ್ಮೇಳನದಲ್ಲಿ ಪ್ರಬಂಧ ಸ್ವೀಕೃತವಾಗಿದ್ದರೂ ಟಿಕೆಟ್‌ಗೆ ಹಣವಿಲ್ಲದವರು, ಮಹಾಪ್ರಬಂಧದ ಕೊನೆಯ ಅಧ್ಯಾಯದ ಹಂತದಲ್ಲಿ ಶಿಷ್ಯವೇತನ ನಿಂತುಹೋದವರು ಇರುತ್ತಾರೆ. ಯಾವ ಷರತ್ತೂ ಇಲ್ಲದೆ ಡೀನ್ ಅವರ ಕೈಯಲ್ಲಿ ಇಟ್ಟ ಹಣ ಮಾತ್ರ ಇಂಥವರಿಗೆ ಸಕಾಲದಲ್ಲಿ ತಲುಪುತ್ತದೆ.

ಉತ್ತರ 2 (ಸಂಶೋಧನಾ ವಿದ್ಯಾರ್ಥಿನಿ):
ಮೇಲಿನ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ದೇಣಿಗೆ ಕೊಟ್ಟ ಸದಸ್ಯರು ಕ್ರಮೇಣ ಯಾವ ವಿಷಯದ ಮೇಲೆ ಸಂಶೋಧನೆ ನಡೆಯಬೇಕು, ಫೆಲೋಶಿಪ್ ಯಾರಿಗೆ ಸಿಗಬೇಕು ಎಂದು ಸೂಚಿಸತೊಡಗಿದರೆ ಸಹಾಯವೇ ಹೊರೆಯಾಗುತ್ತದೆ. ಆಯ್ಕೆಯು ಅಧ್ಯಾಪಕರ ಸಮಿತಿಯಲ್ಲೇ ಉಳಿಯಬೇಕು.

ಹಣಕ್ಕಿಂತ ನಮಗೆ ಬೇಕಾಗಿರುವುದು ವಿಶ್ವವಿದ್ಯಾಲಯದ ಹೊರಗಿನ ವೃತ್ತಿಜೀವನದ ಪರಿಚಯ. ನಮ್ಮ ಮಾರ್ಗದರ್ಶಕರಲ್ಲಿ ಹೆಚ್ಚಿನವರು ಅಧ್ಯಾಪನವೊಂದನ್ನೇ ಬಲ್ಲವರು (ಇದು ಅವರ ತಪ್ಪೇನಲ್ಲ). ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯವು 2008ರಲ್ಲಿ ಆರಂಭಿಸಿದ, ಸಂಶೋಧನೆಯನ್ನು ಒಂದೇ ಸ್ಲೈಡ್‌ನೊಂದಿಗೆ ಮೂರು ನಿಮಿಷಗಳಲ್ಲಿ ವಿವರಿಸುವ ಸ್ಪರ್ಧೆ ಈಗ ಅನೇಕ ದೇಶಗಳಲ್ಲಿ ನಡೆಯುತ್ತದೆ. ಅಂಥ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದ ಮಂಡಳಿಯ ಸದಸ್ಯರೊಬ್ಬರು, ನನ್ನ ಕೆಲಸ ಯಾರಿಗೆ ಬೇಕಾಗುತ್ತದೆ ಎಂದು ನೇರವಾಗಿ ಕೇಳಿದರು. ಆ ಪ್ರಶ್ನೆಯನ್ನು ವಿಭಾಗದೊಳಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಪ್ಪಿಗೆ ಕೊಡುವ ಮೊದಲು ಏನನ್ನು ವಿಚಾರಿಸಬೇಕು?

ಉತ್ತರ 3 (ಡೀನ್ ಕಚೇರಿಯಲ್ಲಿ ಕೆಲಸ ಮಾಡಿದವರು):
ಮಂಡಳಿಗೆ ಲಿಖಿತ ನಿಯಮಾವಳಿ ಇದೆಯೇ, ಸದಸ್ಯತ್ವದ ಅವಧಿ ಎಷ್ಟು, ದೇಣಿಗೆ ಕಡ್ಡಾಯವೇ ಎಂಬುದನ್ನು ಮೊದಲು ಕೇಳಿರಿ, ಸರ್. ನಿಮ್ಮ ಸಂಸ್ಥೆಗೂ ವಿಶ್ವವಿದ್ಯಾಲಯಕ್ಕೂ ವ್ಯವಹಾರವಿದ್ದರೆ ಅದನ್ನು ನೀವಾಗಿಯೇ ಬರೆದುಕೊಡಿ. ಹಿಂದಿನ ಸಭೆಗಳ ನಡಾವಳಿಗಳನ್ನು ತರಿಸಿಕೊಂಡು ಓದುವುದೂ ಒಳ್ಳೆಯದು: ಅವುಗಳಲ್ಲಿ ಡೀನ್ ಅವರ ಭಾಷಣವಷ್ಟೇ ಇದ್ದು, ಸದಸ್ಯರು ಕೊಟ್ಟ ಸಲಹೆಗಳ ಮೇಲೆ ಏನು ಕ್ರಮವಾಯಿತು ಎಂಬ ದಾಖಲೆಯೇ ಇಲ್ಲದಿದ್ದರೆ, ಸಭೆಗಳಿಗೆ ಹೋಗುವ ಬದಲು ಪ್ರಯಾಣದ ಖರ್ಚನ್ನು ನೇರವಾಗಿ ವಿದ್ಯಾರ್ಥಿ ನಿಧಿಗೆ ಕಳುಹಿಸಿಬಿಡಿ.