ಸಹಾಯ ಬೇಕು: ಲಾಟ್‌ವಾರು ಅಡಿಕೆ ಟೆಂಡರ್ ಪಟ್ಟಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳ ಅಡಿಕೆ ದರದ ಮೇಲೆ ವರದಿ ಮಾಡಬೇಕಿದೆ. ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಪಟ್ಟಿಯಲ್ಲಿ ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚಿನ ಮಾಲು ಹೋದ ದರ) ಅಷ್ಟೇ ಇರುತ್ತದೆ. ಗರಿಷ್ಠವನ್ನೇ ತಲೆಬರಹಕ್ಕೆ ಏರಿಸಿದರೆ ಎಡವಟ್ಟು. ಅದು ಎರಡೇ ಚೀಲದ ಲಾಟಿಗೆ (ಒಟ್ಟಿಗೆ ಟೆಂಡರಿಗೆ ಇಟ್ಟ ಮಾಲಿಗೆ) ಬಿದ್ದ ದರವೂ ಇರಬಹುದು. ತೂಕ ನೋಡದೆ ಬರೀ ದರ ಕೂಡಿಸಿ ಭಾಗಿಸಿದರೂ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ, 100 ಕ್ವಿಂಟಲ್ ₹40,000ದಂತೆ, 10 ಕ್ವಿಂಟಲ್ ₹46,000ದಂತೆ ಹೋದರೆ ಸರಾಸರಿ ₹43,000 ಅಲ್ಲ, ಸುಮಾರು ₹40,545.

ಹಾಗಾಗಿ ಲಾಟಿನ ತೂಕ, ದರ ಎರಡೂ ಇರುವ ಟೆಂಡರ್ ಪಟ್ಟಿ ಬೇಕು. ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು), ರಾಶಿ (ಹಸಿ ಅಡಿಕೆ ಬೇಯಿಸಿ ಒಣಗಿಸಿದ ಕೆಂಪಡಿಕೆ) ಬೇರೆಬೇರೆಯಾಗಿ. ಕೆಂಪುಗೋಟು, ಬಿಳೆಗೋಟು ಎಂಬ ಬೇರೆ ದರ್ಜೆಗಳು ಸದ್ಯಕ್ಕೆ ಬೇಡ. ಇದ್ದವರು ಫೋಟೊ ಹಾಕಿ, ತಾರೀಖು ಕಾಣುವಂತಿರಲಿ. ಬೆಳೆಗಾರರ ಹೆಸರು ಮಾತ್ರ ಮುಚ್ಚಿಬಿಡಿ.